ಹಾಯಿಬಟ್ಟೆಯ ಹುಡ್

ಮೊನ್ನೆ ಕುಮಟಾದಲ್ಲಿ ಮೇಲಿನ ಬಟ್ಟೆಯ ಹುಡ್ ಮಡಚಿಟ್ಟ ಕೆಂಪು ಕಾರು ಕಂಡೆ. ರಾತ್ರಿ ಕನಸಿನಲ್ಲಿ ಚಿಕ್ಕಪ್ಪ ಕರೆಯುತ್ತಿದ್ದ, ಅಪ್ಪ ತಿರುಗಲೇ ಇಲ್ಲ. ಆಗಿನಿಂದ ಜೀವಕ್ಕೆ ಸಮಾಧಾನವಿಲ್ಲ.

ನಾನು ಸಣ್ಣವಳಿದ್ದಾಗ ಇಬ್ಬರೂ ಸೇರಿ ಅಂಥದೇ ಹಳೆಯ ಕಾರೊಂದನ್ನು ಕೊಂಡಿದ್ದರು. ಹರಿದ ಹುಡ್ಡಿಗೆ ಅಪ್ಪ ತಾನೇ ಕೂತು ದೋಣಿಯ ಹಾಯಿಬಟ್ಟೆ ಹೊಲಿದು, ನೀರಿಳಿಯದಂತೆ ಮೀನೆಣ್ಣೆ ಬಳಿದ.

“ಅಣ್ಣಾ, ಇದೆಂತ, ಕಾರೋ ದೋಣಿಯೋ? ಬೆಕ್ಕೆಲ್ಲ ಬೆನ್ನು ಹತ್ತೂದು ಖಂಡಿತ!” ಎಂದು ಚಿಕ್ಕಪ್ಪ ನಕ್ಕ. ಅವನಿಗೆ ಕೆಂಪು ಬಣ್ಣ, ಹೊಳೆಯುವ ರೆಕ್ಸಿನ್ ಬೇಕಿತ್ತು.

“ಹಳೇದು ಹಳೇದರ ಹಾಗೇ ಇರ್ಲಿ ಮಾರಾಯಾ,” ಎಂದ ಅಪ್ಪ.

ಅಪ್ಪ ಭಟ್ಕಳಕ್ಕೆ ಹೋಗಿದ್ದಾಗ ಚಿಕ್ಕಪ್ಪ ಹಾಯಿಬಟ್ಟೆ ಕಿತ್ತೆಸೆದು ರೆಕ್ಸಿನ್ ಹಾಕಿಸಿ, ಕಾರಿಗೆ ಕೆಂಪು ಬಳಿಸಿದ. ಮರಳಿದ ಅಪ್ಪ ಬೈಯಲಿಲ್ಲ. “ಆತು, ನೀನೇ ಇಟ್ಕೋ” ಎಂದವನು ತಮ್ಮನೊಡನೆ ಮತ್ತೆ ಮಾತೇ ಆಡಲಿಲ್ಲ.

ಮಂಕಿ ಊರಿನಲ್ಲಿರುವ ಚಿಕ್ಕಪ್ಪನ ಮಗ ಇದನ್ನು ಓದಿದರೆ, ತಮ್ಮಾ, ಚಿಕ್ಕಪ್ಪ ತೀರಿದ ದಿನ ನಿಮ್ಮ ಬೇಲಿಯಾಚೆ ಯಾರೋ ಅಳುತ್ತ ನಿಂತಿದ್ದರೆಂದು ಚಿಕ್ಕಮ್ಮ ಹೇಳಿದ್ದರಲ್ಲ? ಕೇಳೋಣವೆಂದರೆ ಅಪ್ಪನೂ ಈಗಿಲ್ಲ; ಅದು ಅಪ್ಪನೇ ಹೌದಾ, ಚಿಕ್ಕಮ್ಮನನ್ನು ಇನ್ನೊಮ್ಮೆ ಕೇಳಿ ಹೇಳು.