ದೊಡ್ಡಪ್ಪನ ಕಾರಿನ ಗಂಟೆ

ಮದುವೆಯಾಗಿ ಮೊದಲ ಸಲ ಮಾವನ, ಅಂದರೆ ನಮ್ಮ ದೊಡ್ಡಪ್ಪನ, ಮನೆಗೆ ಬರುತ್ತಿದ್ದ ಭಾವ ಕಾರಿನಿಂದ ಉರುಳಿ ರಸ್ತೆಗೆ ಬಿದ್ದರು. ಹಿಂದೆ ಕೂತಿದ್ದ ಅಕ್ಕ, ನಾನು ಕಿರುಚಿದೆವು. ಕಾರು ಮಾತ್ರ ಟಿಣ್ ಟಿಣ್ ಎಂದು ಇಂಪಾಗಿ ಹಾಡುತ್ತಲೇ ಇತ್ತು.

ಎಂಬತ್ತರ ದಶಕದಲ್ಲಿ ದೊಡ್ಡಪ್ಪ ಬೆಂಗಳೂರಿನಲ್ಲಿ ಕೊಂಡಿದ್ದ ಹಳೆಯ ಫಾರಿನ್ ಕಾರು ಅದು. ಬಾಗಿಲು ಸರಿಯಾಗಿ ಹಾಕದಿದ್ದರೆ ಗಂಟೆ ಬಾರಿಸಿ ಎಚ್ಚರಿಸುತ್ತಿತ್ತು. ಆ ಗಂಟೆ ಕೆಟ್ಟಾಗ ದೊಡ್ಡಪ್ಪ ಊಟ ಬಿಟ್ಟರು. ಬ್ರೇಕು ಹಿಡಿಯದಿದ್ದಾಗಲೂ ಅಷ್ಟು ಕೊರಗಿರಲಿಲ್ಲ. ಮಾಲೂರು, ಶ್ರೀನಿವಾಸಪುರವೆಲ್ಲ ಸುತ್ತಿದ ಮೇಲೆ ಕೋಲಾರದ ಮೆಕ್ಯಾನಿಕ್ ಒಬ್ಬ ಡ್ಯಾಶ್‌ಬೋರ್ಡಿನಡಿ ತಲೆ ತೂರಿಸಿ, ಬೆಂಕಿಪೊಟ್ಟಣದಷ್ಟು ಪೆಟ್ಟಿಗೆಯೊಂದನ್ನು ಹುಡುಕಿ ತೆಗೆದ. ಕಿತ್ತುಹೋಗಿದ್ದ ತಂತಿಗೆ ಬೆಸುಗೆ ಹಾಕಿದ. ಗಂಟೆಗೆ ಜೀವ ಬಂತು.

ಅದನ್ನು ಅಳಿಯನಿಗೆ ಕೇಳಿಸದಿದ್ದರೆ ಹೇಗೆ? ಮುಳಬಾಗಿಲು ಬಸ್‌ಸ್ಟ್ಯಾಂಡಿನಿಂದ ಹೊರಡುವಾಗ, ಭಾವ ಕೂತ ಕಡೆಯ ಬಾಗಿಲನ್ನು ದೊಡ್ಡಪ್ಪ ಬೇಕೆಂದೇ ಅರ್ಧ ಹಾಕಿದರು.

"ಮಾವಾ, ಬಾಗಿಲು ಸರಿಯಾಗಿ ಹಾಕ್ಕೊಳ್ಲಾ?" ಎಂದು ಭಾವ ಮೆತ್ತಗೆ ಕೇಳಿದರು.

"ಹಾಕಿದ್ರೆ ಅದು ಹೊಡ್ಕೊಳ್ಳಲ್ಲ ಅಳಿಯಂದ್ರೇ! ಕೋಲಾರದಲ್ಲಿ ರಿಪೇರಿ ಮಾಡ್ಸಿರೋದು, ಸುಮ್ನೆ ಕೇಳಿ!"

ಹೊಸ ಅಳಿಯ ಮಾವನ ಮಾತು ಮೀರುವುದುಂಟೆ? ಕೈಕಟ್ಟಿ ಕೂತು ಕೇಳಿದರು. ಊರ ತಿರುವಿನಲ್ಲಿ, ಗಾಡಿಗಳು ಓಡಾಡಿ ಕಾಳು ಉದುರಲೆಂದು ರಸ್ತೆಗೆ ಹರಡಿದ್ದ ರಾಗಿ ತೆನೆಯ ಮೇಲೆ ಕಾರು ಜಾರಿತು, ಬಾಗಿಲು ತೆರೆದುಕೊಂಡಿತು. ಪುಣ್ಯಕ್ಕೆ ಭಾವ ಬಿದ್ದದ್ದೂ ರಾಗಿಯ ಮೇಲೆಯೇ.

ಭಾವ ಈಗಲೂ ಹಬ್ಬಕ್ಕೆ ಬರುತ್ತಾರೆ, ಬಸ್ಸಿನಿಂದಿಳಿದು ನಡೆದುಕೊಂಡು. ದೊಡ್ಡಪ್ಪ ಮಾತ್ರ ಕಂಡಕಂಡವರ ಮುಂದೆ ಆ ಮೆಕ್ಯಾನಿಕನ ಕೈಗುಣ ಹೊಗಳುತ್ತಾರೆ: ಅಳಿಯ ಬಿದ್ದರೂ ಗಂಟೆ ನಿಲ್ಲಲಿಲ್ಲವಂತೆ!