ಚಿಕ್ಕಪ್ಪ ಉಟ್ಟ ಸೀರೆ

ಹೆಣ್ಣಾಗಿ ಹುಟ್ಟಿದ ನಾನು ಸೀರೆ ಉಡುವುದನ್ನು ಕಲಿತದ್ದು ಒಬ್ಬ ಗಂಡಸಿನಿಂದ. ನಗಬೇಡಿ. ನಮ್ಮವ್ವನಿಗೆ ಸೀರೆಯೆಂದರೆ ಕಳೆ ಕೀಳುವಾಗ ಮೊಣಕಾಲಿನ ತನಕ ಎತ್ತಿ ಸಿಕ್ಕಿಸುವ ಬಟ್ಟೆ. ತೆಲಿಗಿಯ ನಮ್ಮ ಚಿಕ್ಕಪ್ಪ ಕೊಟ್ರಪ್ಪನಾದರೋ ಹಗಲು ಕುರಿ ಕಾಯ್ದು, ರಾತ್ರಿ ಬಯಲಾಟದಲ್ಲಿ ರಾಣಿಯಾಗುತ್ತಿದ್ದವನು. ನನ್ನ ಕಾಲೇಜಿನ ಸಮಾರಂಭದ ದಿನ ಅವ್ವನ ಸೀರೆಯನ್ನು ತಾನೇ ಉಟ್ಟು ತೋರಿಸಿ, "ಸೀರಿ ಉಟ್ಟು ಓಡಬ್ಯಾಡವ್ವ, ಅದರ ಕೂಡ ನಡಿ" ಅಂದ. ಹಾಗೇ ನಡೆದೆ. ಹರಪನಹಳ್ಳಿ ಬಸ್ಸು ತಪ್ಪಿತು.

ಹಳೆಯ ಕಾವ್ಯಗಳು ಹೆಣ್ಣನ್ನು ಮುಡಿಯಿಂದ ಅಡಿಯವರೆಗೆ ಬಣ್ಣಿಸುತ್ತವೆ. ಅವಳ ಸೊಂಟ ನೋಯುತ್ತದೆಂದು ಬರೆದ ಕವಿಯನ್ನು ಮಾತ್ರ ನಾನು ಓದಿಲ್ಲ. ಚಿಕ್ಕಪ್ಪನಿಗೆ ಅದು ಗೊತ್ತಿತ್ತು. ರಾಣಿಯಾದ ಮರುದಿನ ಮನೆಗೆ ನೀರು ಹೊರುತ್ತಿದ್ದುದು ಅವನೇ. "ಬಯಲಾಟ ದಿನಾ ಇರಬಾರದಾ ಅನ್ನಸ್ತಿತ್ತು" ಎಂದು ಚಿಕ್ಕವ್ವ ಈಗಲೂ ನಗುತ್ತಾಳೆ.

ಈಗ ಟಿವಿಯಲ್ಲಿ ಗಂಡಸು ಸೀರೆ ಉಟ್ಟು ಬಂದರೆ ಸಾಕು, ಅವನು ಬಾಯಿ ತೆರೆಯುವ ಮೊದಲೇ ನಗೆಯ ಸದ್ದು ಕೇಳುತ್ತದೆ. ಹೆಣ್ಣಿನ ಹಾಗೆ ನಡೆಯುವ ಗಂಡು, ಗಂಡಿನ ಹಾಗೆ ಮಾತಾಡುವ ಹೆಣ್ಣು, ಇಬ್ಬರೂ ಅಲ್ಲಿಗೆ ಬರುವುದು ನಗಿಸಲಿಕ್ಕೇ. ನಾನೂ ನಕ್ಕಿದ್ದೇನೆ.

ಹೋದ ವರ್ಷ ಊರಿನ ತರುಣರು ಶಾಲೆಯ ಬಯಲಲ್ಲಿ ನಾಟಕ ಹೂಡಿದರು. ಅವರ ಮುಂದಾಳು ಬಸವರಾಜ ಮನೆಗೆ ಬಂದ. "ಕಾಕಾ, ಒಂದು ಕಾಮಿಡಿ ಸೀನ್ ಐತಿ. ಸೀರಿ ಉಟ್ಟು ಸೊಂಟ ಕುಣಿಸಿ ಹೋಗಿಬಿಡ್ರಿ, ಸಾಕು."

ಬಯಲಾಟ ನಿಂತು ಎಷ್ಟೋ ವರ್ಷವಾಗಿತ್ತು. ಚಿಕ್ಕಪ್ಪ ಒಪ್ಪಿಕೊಂಡುಬಿಟ್ಟ.

"ಬ್ಯಾಡ ಚಿಗಪ್ಪ, ನಗತಾರ" ಅಂದೆ.

"ನಗಾಕಾದ್ರೂ ಬರ್ತಾರಲ್ಲವ್ವ" ಅಂದ.

ಸಂಜೆಯ ಕೆಂಪು ಬೆಳಕಿನಲ್ಲಿ, ಮೀಸೆ ಬೋಳಿಸಿಕೊಂಡ ಮುದುಕ ಹಸಿರು ಸೀರೆಯುಟ್ಟು ಬಂದ. ಶಿಳ್ಳೆ, ಕೇಕೆ. ಅವನು ಸೊಂಟ ಕುಣಿಸಲಿಲ್ಲ. ರಂಗದ ನಡುವೆ ಕೂತು, ಸೆರಗಿನಿಂದ ಬೆವರೊರೆಸಿಕೊಂಡು, ಇಲ್ಲದ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ತಟ್ಟತೊಡಗಿದ. ತನಗಷ್ಟೇ ಎಂಬಂತೆ ಜೋಗುಳ ಹಾಡಿದ. ಮುಂದಿನ ಸಾಲಿನ ಕೇಕೆ ಮೊದಲು ಅಡಗಿತು, ಆಮೇಲೆ ಹಿಂದಿನದು. ಎಷ್ಟು ಹೊತ್ತಾಯಿತೋ, ಹಾಡು ನಿಂತದ್ದೇ ನನಗೆ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಹೆಂಗಸಿನ ಮಡಿಲಲ್ಲಿ ಅವಳ ಕೂಸು ನಿಜಕ್ಕೂ ನಿದ್ದೆಹೋಗಿತ್ತು.

ನಾಟಕ ಮುಗಿದದ್ದೇ ನಾನು ಪರದೆಯ ಹಿಂದೆ ಹೋದೆ. ಬಸವರಾಜನೂ ಓಡಿಬಂದ. ಬೈಯಲೆಂದೋ ಹೊಗಳಲೆಂದೋ ಅವನಿಗೇ ತಿಳಿದಂತಿರಲಿಲ್ಲ. ಬಾಯಿಂದ ಹೊರಟದ್ದು "ಅವ್ವಾ..." ಎಂದು. ಕೂಡಲೇ ನಾಲಿಗೆ ಕಚ್ಚಿಕೊಂಡ. "ತಪ್ಪಾತ್ರಿ ಕಾಕಾ."

ಚಿಕ್ಕಪ್ಪ ಬಳೆ ತೆಗೆಯುವುದನ್ನು ನಿಲ್ಲಿಸಿ ಅವನನ್ನು ನೋಡಿದ.

"ಇರ್ಲಿ ಬಿಡಲೇ. ಅವ್ವ ಅಂದಮ್ಯಾಲ ಕೇಳಬೇಕಾಗ್ತೈತಿ. ಉಂಡಿಯೇನು?"