ಮಾರಿನಲ್ಲಿ ಅಳೆದ ಎಸೆತ

ನಮ್ಮೂರು ಹೂಡಿಯ ಸುತ್ತ ಐಟಿ ಪಾರ್ಕುಗಳು ಏಳುತ್ತಿದ್ದ ಕಾಲ. ನಮ್ಮ ಮಹಡಿ ಮನೆಗೆ ಲಾಟ್ವಿಯಾ ದೇಶದ ದಂಪತಿ ಬಾಡಿಗೆಗೆ ಬಂದರು. ಗಂಡನಿಗೆ ವೈಟ್‌ಫೀಲ್ಡಿನಲ್ಲಿ ಕೆಲಸ. ಹೆಂಡತಿ ಎಷ್ಟು ಎತ್ತರವೆಂದರೆ, ಬಾಗಿಲಲ್ಲಿ ತಲೆ ತಗ್ಗಿಸಿಯೇ ಒಳಗೆ ಹೋಗಬೇಕು. ಅವಳು ತನ್ನ ದೇಶಕ್ಕಾಗಿ ಡಿಸ್ಕಸ್ ಎಸೆದವಳೆಂದು ಗೊತ್ತಾಗಲು ನನಗೆ ತಿಂಗಳುಗಳೇ ಹಿಡಿದವು. ನಮ್ಮ ಬೀದಿಗೆಲ್ಲ ನಾನೇ ಬಾಯಿಬಡುಕಿ. ಇಂಥ ಸುದ್ದಿಯನ್ನು ನನ್ನಿಂದಲೇ ಮುಚ್ಚಿಟ್ಟಳಲ್ಲ ಎಂದು ಸಿಟ್ಟೇ ಬಂತು.

ಕೆದಕಿ ಕೆದಕಿ ಕೇಳಿದೆ. ವರ್ಷಗಟ್ಟಲೆ ಎಸೆದಿದ್ದಾಳೆ, ಪದಕಗಳೂ ಇವೆ. ಕೊನೆಯ ಪಂದ್ಯದಲ್ಲಿ ಮಾತ್ರ ಎಸೆದದ್ದೆಲ್ಲ ಫೌಲ್, ಒಂದೂ ಲೆಕ್ಕಕ್ಕೆ ಬರಲಿಲ್ಲ, ಮೇಲೆ ಭುಜಕ್ಕೂ ಪೆಟ್ಟು. ಎಲ್ಲರ ಹೆಸರಿನ ಮುಂದೆ ದೂರ ಬರೆದಿದ್ದರು, ಅವಳ ಹೆಸರಿನ ಮುಂದೆ ಖಾಲಿ. ಭುಜ ವಾಸಿಯಾಗಿ ಎಷ್ಟೋ ಕಾಲವಾಯಿತು, ಎಸೆಯಲು ಮಾತ್ರ ಹೆದರಿಕೆ ಎಂದಳು. ಆದರೂ ತಟ್ಟೆಯಂಥ ಆ ಡಿಸ್ಕಸ್ಸನ್ನು ಬಟ್ಟೆಯಲ್ಲಿ ಸುತ್ತಿ ಇಲ್ಲಿಯವರೆಗೆ ಹೊತ್ತು ತಂದಿದ್ದಳು! ಭಾನುವಾರ ನಮ್ಮ ಕಣಕ್ಕೆ ಬಾ, ಒಮ್ಮೆ ಎಸೆದೇಬಿಡು ಎಂದೆ.

ರಾಗಿ ಬಡಿಯುತ್ತಿದ್ದ ಆ ಕಣ ಮನೆಯ ಹಿಂದೆಯೇ ಇತ್ತು. ಅದರ ಮುಂದಿನ ಹೊಲವನ್ನು ಅಪಾರ್ಟ್‌ಮೆಂಟಿಗೆ ಮಾರಿದ್ದೆವು, ಇನ್ನೂ ಖಾಲಿ ಬಿದ್ದಿತ್ತು. ಅತಿಥಿ ಕಣಕ್ಕಿಳಿಯುತ್ತಾಳೆಂದು ನಮ್ಮಮ್ಮ ಬೆಳಗ್ಗೆಯೇ ಎದ್ದು, ಸುಗ್ಗಿಗೆ ಮಾಡುವ ಹಾಗೆ ಸಗಣಿ ಸಾರಿಸಿಬಿಟ್ಟಿದ್ದಳು. ಲಾಟ್ವಿಯಾದವಳು ಎಸೆತದ ಆಟಕ್ಕೆಂದೇ ಇರುವ ಶೂ ಹಾಕಿಕೊಂಡು ಬಂದರೆ, ಅಮ್ಮ ಸೊಂಟಕ್ಕೆ ಕೈಯಿಟ್ಟು ಅಡ್ಡ ನಿಂತಳು.

"ಕಣದಾಗೆ ಮೆಟ್ಟು ಆಕ್ಬಾರ್ದು ಕಣವ್ವ, ಅನ್ನ ಬೀಳೋ ಜಾಗ."

ನಾನು ಇಂಗ್ಲಿಷಿನಲ್ಲಿ ತಿಳಿಸಿದೆ. ಅವಳು ಶೂ ಬಿಚ್ಚಿ, ಬರಿಗಾಲಲ್ಲಿ ಗಿರ್ರನೆ ತಿರುಗಿದವಳೇ ಹಸಿ ಸಗಣಿಯ ಮೇಲೆ ಜಾರಿ ದೊಪ್ಪನೆ ಬಿದ್ದಳು.

"ಅಯ್ಯೋ, ನಿನ್ನ ಸಡಗರಕ್ಕಿಷ್ಟು ಬೆಂಕಿ ಹಾಕ!" ಎಂದು ಅಮ್ಮನ ಮೇಲೆ ಹರಿಹಾಯ್ದೆ. ಬಿದ್ದವಳು ಭುಜ ಮುಟ್ಟಿ ನೋಡಿಕೊಳ್ಳುತ್ತಿದ್ದಳು. ಮುಗೀತು, ಇನ್ನು ಜನ್ಮದಲ್ಲಿ ಎಸೆಯುವುದಿಲ್ಲ ಎಂದುಕೊಂಡೆ. ನೋಡಿದರೆ ಪುಣ್ಯಾತ್ಗಿತ್ತಿ ನಗುತ್ತಿದ್ದಾಳೆ!

ಅಮ್ಮ ಒಲೆಯ ಬೂದಿ ತಂದು ಎರಚಿದಳು. "ಈಗ ತಿರುಗು, ಜಾರಾಕಿಲ್ಲ."

ಅವಳು ಎದ್ದು ಬೂದಿಯ ಮೇಲೆ ಕಾಲೂರಿ ನಿಂತಳು. ಆಮೇಲೆ ತಿರುಗಿ ಎಸೆದಳು. ಡಿಸ್ಕಸ್ ಹೊಲದ ಮೇಲೆ ಹಾರಿ ಹೊಂಗೆ ಮರದಾಚೆ ಬಿತ್ತು. ಅಮ್ಮ ಸೆರಗು ಸಿಕ್ಕಿಸಿಕೊಂಡು ಅಲ್ಲಿಯವರೆಗೆ ಹಗ್ಗ ಎಳೆದು, ಎರಡೂ ತೋಳು ಚಾಚಿ ಚಾಚಿ ಮಾರಿನ ಲೆಕ್ಕದಲ್ಲಿ ಅಳೆದಳು.

"ಇಪ್ಪತ್ಮೂರು ಮಾರು!"

ಅಮ್ಮನ ಲೆಕ್ಕವನ್ನು ನಾನು ಇಂಗ್ಲಿಷಿನಲ್ಲಿ ಹೇಳುತ್ತಿದ್ದಂತೆ ಅವಳು ಕಣದ ಅಂಚಿನಲ್ಲಿ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತಳು. ಅಮ್ಮನಿಗೆ ಗಾಬರಿ.

"ಕಮ್ಮಿ ಆಯ್ತಾ ಮಗ? ಅಳಬ್ಯಾಡ, ಇನ್ನೊಂದ್ ಕಿತ ಅಳೀತೀನಿ ಇರು."

"ಕಮ್ಮಿ ಅಲ್ಲ ಕಣಮ್ಮ, ಈ ಸಲ ಲೆಕ್ಕಕ್ಕೆ ಬಂತಲ್ಲ, ಅದಕ್ಕೆ," ಎಂದೆ.

ಅಷ್ಟರಲ್ಲಿ ಅವಳು ಎದ್ದು, ಮುಖ ಒರೆಸಿಕೊಂಡು, ಬರಿಗಾಲಲ್ಲೇ ಡಿಸ್ಕಸ್ ತರಲು ಹೊಲಕ್ಕೆ ಓಡಿದಳು.